ಹಳೆಯ ಗಣಕಯಂತ್ರಕ್ಕೆ ಹಗುರವಾದ ಲಿನಕ್ಸ್: ಡೆಸ್ಕ್‌ಟಾಪ್ ಜೋಡಣೆ ಮತ್ತು ದೋಷಪರಿಹಾರ



ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿಯೂ ಕಚೇರಿಗಳಲ್ಲಿಯೂ ಹತ್ತು ವರ್ಷಗಳ ಹಿಂದೆ ಖರೀದಿಸಿದ ಗಣಕಯಂತ್ರಗಳು ಇಂದು ಮುಸುಕು ಹೊದ್ದು ಕುಳಿತಿರುವುದನ್ನು ತಾವೆಲ್ಲರೂ ಕಂಡಿರುತ್ತೀರಿ. ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ತಯಾರಕರ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ರಂದು ಮುಕ್ತಾಯಗೊಂಡಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ಸ್ಮರಣೆ, 64 ಜಿಬಿ ಸಂಗ್ರಹ ಸ್ಥಳ ಮತ್ತು ಟಿಪಿಎಂ 2.0 ಎಂಬ ಭದ್ರತಾ ಅಂಗ ಇರಬೇಕು. ಹಳೆಯ ಯಂತ್ರಗಳು ಬಹುಪಾಲು ಈ ಕೊನೆಯ ಷರತ್ತಿನಲ್ಲಿಯೇ ಅನರ್ಹವಾಗುತ್ತವೆ. ಆಗ ಸಾಮಾನ್ಯ ಸಭೆಯ ಮುಂದೆ ಬರುವ ಪ್ರಸ್ತಾವನೆ ಒಂದೇ: ಇವುಗಳನ್ನು ನಿರುಪಯುಕ್ತವೆಂದು ದಾಸ್ತಾನು ವಹಿಯಿಂದ ತೆಗೆದು ಹೊಸತನ್ನು ಖರೀದಿಸುವುದು. ಹಾಗೆ ನಿರ್ಣಯಿಸುವ ಮುನ್ನ ಪರಿಶೀಲಿಸಬೇಕಾದ ಇನ್ನೊಂದು ದಾರಿಯನ್ನು ಈ ಲೇಖನದಲ್ಲಿ ವಿವರಿಸಲಾಗಿದೆ. ದಾರಿ ಅಗ್ಗವಾದುದು, ಆದರೆ ಅದಕ್ಕೆ ಅದರದೇ ಆದ ತೊಡಕುಗಳಿವೆ. ಅವುಗಳನ್ನು ಅರಿಯದೆ ಕೈಹಾಕಿದ ಕಡೆ ಯಂತ್ರಗಳು ಮತ್ತೆ ಮುಸುಕಿನೊಳಗೇ ಸೇರಿವೆ.

ಲಿನಕ್ಸ್ ಎಂಬುದು 1991ರಲ್ಲಿ ಲಿನಸ್ ಟೋರ್ವಾಲ್ಡ್ಸ್ ಅವರು ಆರಂಭಿಸಿದ ಮುಕ್ತ ತಂತ್ರಾಂಶ. ಅದಕ್ಕೆ ಪರವಾನಗಿ ಶುಲ್ಕವಿಲ್ಲ. ಅದನ್ನು ಆಧರಿಸಿ ಹಲವು ವಿತರಣೆಗಳು ಸಿದ್ಧವಾಗಿದ್ದು, 1993ರಲ್ಲಿ ಆರಂಭವಾದ ಡೆಬಿಯನ್ ಅವುಗಳಲ್ಲಿ ಹಳೆಯದೂ ಸ್ಥಿರವಾದುದೂ ಆಗಿದೆ. ಪ್ರಸ್ತುತ ವಿವರಣೆಗೆ ಅದನ್ನೇ ಆರಿಸಿಕೊಳ್ಳಲಾಗಿದೆ. ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು: 2025ರ ಆಗಸ್ಟ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 13ನೆಯ ಆವೃತ್ತಿಯನ್ನು 32 ಬಿಟ್‌ನ ಅತಿ ಹಳೆಯ ಯಂತ್ರಗಳಲ್ಲಿ ಹೊಸದಾಗಿ ಅಳವಡಿಸಲು ಬರುವುದಿಲ್ಲ. ಅಂತಹವುಗಳಿಗೆ 12ನೆಯ ಆವೃತ್ತಿಯೇ ಕೊನೆಯದು. ಆದ್ದರಿಂದ ಯಂತ್ರವು 64 ಬಿಟ್‌ನದೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಅಗತ್ಯ.

ಡೆಸ್ಕ್‌ಟಾಪ್ ಎಂದು ನಾವು ಕರೆಯುವುದು ಒಂದು ವಸ್ತುವಲ್ಲ. ಗುಪ್ತಪದ ಕೇಳುವ ಪ್ರವೇಶ ಪರದೆ, ವಿಂಡೋಗಳಿಗೆ ಚೌಕಟ್ಟು ಹಾಕಿ ಅವುಗಳನ್ನು ಸರಿಸುವ ವಿಂಡೋ ನಿರ್ವಾಹಕ, ಗಡಿಯಾರ ಮತ್ತು ತೆರೆದ ಕೆಲಸಗಳನ್ನು ತೋರಿಸುವ ಕೆಳಪಟ್ಟಿ, ಕಡತಗಳನ್ನು ತೋರಿಸುವ ತಂತ್ರಾಂಶ, ಕೀಲಿಮಣೆಯ ಭಾಷೆ ಬದಲಿಸುವ ತಂತ್ರಾಂಶ, ಹೀಗೆ ಹಲವು ಬಿಡಿ ಭಾಗಗಳ ಕೂಟ ಅದು. ದೊಡ್ಡ ವ್ಯವಸ್ಥೆಗಳಲ್ಲಿ ಇವೆಲ್ಲವೂ ಬೆಸೆದುಕೊಂಡು ಒಂದೇ ಆಗಿ ಬರುತ್ತವೆ. ಹಗುರವಾದ ವ್ಯವಸ್ಥೆಯಲ್ಲಿ ನಮಗೆ ಬೇಕಾದ ಭಾಗಗಳನ್ನು ಮಾತ್ರ ಆರಿಸಿ ಜೋಡಿಸಲಾಗುತ್ತದೆ. ಊರಿನ ಹಳೆಯ ಮನೆಗಳಲ್ಲಿ ಕಂಬ, ತೊಲೆ, ಜಂತಿ ಬೇರೆಬೇರೆಯಾಗಿರುವಂತೆ; ಜಂತಿ ಹುಳು ಹಿಡಿದರೆ ಜಂತಿಯನ್ನಷ್ಟೇ ಬದಲಿಸಬಹುದು. ಆದರೆ ಯಾವ ಜಂತಿ ಎಲ್ಲಿದೆ ಎಂಬುದು ಗೊತ್ತಿರಬೇಕು. ಈ ವ್ಯವಸ್ಥೆಯ ಅನುಕೂಲವೂ ತೊಂದರೆಯೂ ಇಲ್ಲಿಂದಲೇ ಹುಟ್ಟುತ್ತವೆ.

ಜೋಡಣೆಯ ಕ್ರಮ ಹೀಗಿದೆ. ಡೆಬಿಯನ್ ಅಳವಡಿಸುವಾಗ ಯಾವ ತಂತ್ರಾಂಶಗಳು ಬೇಕೆಂದು ಕೇಳುವ ಪುಟವೊಂದು ಬರುತ್ತದೆ. ಅಲ್ಲಿ ಡೆಸ್ಕ್‌ಟಾಪ್‌ಗೆ ಸಂಬಂಧಿಸಿದ ಎಲ್ಲ ಗುರುತುಗಳನ್ನೂ ತೆಗೆದುಹಾಕಿದರೆ ಬರಿಯ ಅಕ್ಷರಗಳ ಪರದೆಯ ಮೂಲ ವ್ಯವಸ್ಥೆ ದೊರೆಯುತ್ತದೆ. ಅದರ ಮೇಲೆ ಚಿತ್ರಪರದೆಗಾಗಿ ಎಕ್ಸ್.ಆರ್ಗ್, ಪ್ರವೇಶಕ್ಕೆ ಲೈಟ್‌ಡಿಎಂ, ವಿಂಡೋ ನಿರ್ವಾಹಕವಾಗಿ ಓಪನ್‌ಬಾಕ್ಸ್, ಕೆಳಪಟ್ಟಿಗೆ ಟಿಂಟ್2, ಕಡತಗಳಿಗೆ ಪಿಸಿಮ್ಯಾನ್‌ಎಫ್‌ಎಂ, ಅಂತರಜಾಲ ಸಂಪರ್ಕಕ್ಕೆ ನೆಟ್‌ವರ್ಕ್ ಮ್ಯಾನೇಜರ್, ಇವುಗಳನ್ನು ಒಂದೊಂದಾಗಿ ಸೇರಿಸಲಾಗುತ್ತದೆ. ಇಷ್ಟೂ ಸೇರಿ ಯಂತ್ರ ಸುಮ್ಮನಿರುವಾಗ ಬಳಸುವ ಸ್ಮರಣೆ ಅರ್ಧ ಜಿಬಿಯನ್ನೂ ಮೀರುವುದಿಲ್ಲ. ಹಾಗೆಂದು 2 ಜಿಬಿಯ ಯಂತ್ರವೂ ಹೊಸದರಂತೆ ಓಡುತ್ತದೆಂದು ಭಾವಿಸಬಾರದು. ಫೈರ್‌ಫಾಕ್ಸ್‌ನಲ್ಲಿ ನಾಲ್ಕಾರು ಜಾಲಪುಟಗಳನ್ನು ತೆರೆದರೆ ಅದೊಂದೇ ಒಂದು ಜಿಬಿಗೂ ಹೆಚ್ಚು ತಿನ್ನುತ್ತದೆ. ಸಾಧ್ಯವಿದ್ದರೆ ಸ್ಮರಣೆಯನ್ನು 4 ಜಿಬಿಗೆ ಏರಿಸಿ, ತಿರುಗುವ ಹಾರ್ಡ್‌ಡಿಸ್ಕ್‌ನ ಬದಲು ಎಸ್‌ಎಸ್‌ಡಿ ಹಾಕಿಸುವುದು ಲೇಸು. ಹೊಸ ಯಂತ್ರದ ಬೆಲೆಗೆ ಹೋಲಿಸಿದರೆ ಇದರ ವೆಚ್ಚ ಅತ್ಯಲ್ಪ. ಎರಡರಲ್ಲಿ ಒಂದಕ್ಕೆ ಮಾತ್ರ ಹಣವಿದ್ದು ಸ್ಮರಣೆ ಆಗಲೇ 4 ಜಿಬಿ ಇದ್ದರೆ, ಎಸ್‌ಎಸ್‌ಡಿಯನ್ನೇ ಆರಿಸಿರಿ.

ಕನ್ನಡದ ಮಾತು. ಸಿಬ್ಬಂದಿಗೆ ಅಭ್ಯಾಸವಾಗಿರುವುದು ನುಡಿ ತಂತ್ರಾಂಶದ ಕಗಪ ಕೀಲಿಮಣೆ ವಿನ್ಯಾಸ. ಲಿನಕ್ಸ್‌ನ ಕೀಲಿಮಣೆ ವಿನ್ಯಾಸಗಳ ಪಟ್ಟಿಯಲ್ಲಿ ಕಗಪ ವಿನ್ಯಾಸವೂ ಸೇರಿರುವುದರಿಂದ ಬೆರಳುಗಳಿಗೆ ಹೊಸ ಪಾಠ ಬೇಕಾಗುವುದಿಲ್ಲ. ತೊಡಕಿರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬರುವ ಮುನ್ನಿನ ನುಡಿ ಅಥವಾ ಬರಹ ಅಕ್ಷರಶೈಲಿಗಳಲ್ಲಿ ಟೈಪಿಸಿದ ನಡಾವಳಿ, ನೋಟಿಸು, ಪಟ್ಟಿಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳಾಗಿ ಕಾಣುತ್ತವೆ. ಕಡತ ಹಾಳಾಯಿತೆಂದು ಗಾಬರಿಗೊಂಡು ಅಳಿಸಿದವರಿದ್ದಾರೆ. ಕಡತ ಹಾಳಾಗಿರುವುದಿಲ್ಲ, ಅದನ್ನು ಯೂನಿಕೋಡಿಗೆ ಪರಿವರ್ತಿಸಬೇಕಷ್ಟೆ. ಹಳೆಯ ವ್ಯವಸ್ಥೆಯನ್ನು ಅಳಿಸುವ ಮುನ್ನವೇ ಈ ಪರಿವರ್ತನೆಯನ್ನು ಮುಗಿಸಿ, ಎರಡೂ ರೂಪದ ಪ್ರತಿಗಳನ್ನು ಬೇರೆ ಡಿಸ್ಕ್‌ನಲ್ಲಿ ಉಳಿಸಿಕೊಳ್ಳತಕ್ಕದ್ದು.

ಇನ್ನು ದೋಷಗಳು. ನಾವು ಪರಿಶೀಲಿಸಿದ ಒಂದು ಅರಿವು ಕೇಂದ್ರದಲ್ಲಿ ಹೀಗಾಯಿತು. ಎರಡು ಯಂತ್ರಗಳು ಏಳು ತಿಂಗಳು ಚೆನ್ನಾಗಿ ನಡೆದವು. ವಿದ್ಯಾರ್ಥಿವೇತನದ ಅರ್ಜಿಗಳ ಕಾಲದಲ್ಲಿ, ಒಂದು ಬೆಳಗ್ಗೆ, ಗುಪ್ತಪದ ಕೊಟ್ಟ ಮೇಲೆ ಕಪ್ಪು ಪರದೆ ಮತ್ತು ಮೌಸ್‌ನ ಬಾಣ ಇಷ್ಟೇ ಕಾಣಿಸಿತು. ಕೆಳಪಟ್ಟಿಯಿಲ್ಲ, ಚಿಹ್ನೆಗಳಿಲ್ಲ, ಗಡಿಯಾರವಿಲ್ಲ. ಬಂದು ನೋಡಿದ ದುರಸ್ತಿಗಾರರು ಯಂತ್ರದ ಆಯುಷ್ಯ ಮುಗಿಯಿತೆಂದರು. ಮಕ್ಕಳು ಅರ್ಜಿ ಸಲ್ಲಿಸಲು ಬಸ್ಸು ಹತ್ತಿ ತಾಲ್ಲೂಕು ಕೇಂದ್ರಕ್ಕೆ ಹೋಗಿಬಂದರು. ಹೊಸ ಖರೀದಿಯ ಪ್ರಸ್ತಾವನೆಯೂ ಸಿದ್ಧವಾಯಿತು. ನಿಜವಾಗಿ ನಡೆದಿದ್ದು ಬೇರೆ. ಓಪನ್‌ಬಾಕ್ಸ್ ಆರಂಭವಾಗುವಾಗ ಯಾವ ಯಾವ ತಂತ್ರಾಂಶಗಳನ್ನು ಎಬ್ಬಿಸಬೇಕೆಂಬ ಪಟ್ಟಿಯು ಆಟೋಸ್ಟಾರ್ಟ್ ಎಂಬ ಸಣ್ಣ ಕಡತದಲ್ಲಿರುತ್ತದೆ. ಅದರ ಪ್ರತಿ ಸಾಲಿನ ಕೊನೆಗೆ ಸಾಮಾನ್ಯವಾಗಿ & ಎಂಬ ಚಿಹ್ನೆ ಇರುತ್ತದೆ. ‘ಇದನ್ನು ಹಿನ್ನೆಲೆಯಲ್ಲಿ ನಡೆಯಲು ಬಿಟ್ಟು ಮುಂದಿನ ಸಾಲಿಗೆ ಹೋಗು’ ಎಂಬುದು ಅದರ ಅರ್ಥ. ಯಾರೋ ಒಳ್ಳೆಯ ಉದ್ದೇಶದಿಂದಲೇ ಕನ್ನಡ ಟೈಪಿಂಗ್‌ಗಾಗಿ ಪಟ್ಟಿಯ ಮೊದಲಿಗೆ ಒಂದು ಸಾಲು ಸೇರಿಸಿ, ಆ ಚಿಹ್ನೆಯನ್ನು ಮರೆತಿದ್ದರು. ಯಂತ್ರವು ಮೊದಲ ಸಾಲಿನ ತಂತ್ರಾಂಶ ಮುಗಿಯಲೆಂದು ಕಾಯುತ್ತ ಕುಳಿತಿತು. ಅದು ಮುಗಿಯುವಂಥದಲ್ಲ, ಹಾಗಾಗಿ ಕೆಳಗಿನ ಸಾಲುಗಳ ಸರದಿ ಬರಲೇ ಇಲ್ಲ. ಒಂದು ಚಿಹ್ನೆ ಸೇರಿಸಿದ ಮೇಲೆ ಎಲ್ಲವೂ ಮರಳಿ ಬಂತು.

ಇಂತಹ ಸಂದರ್ಭದಲ್ಲಿ ಮೊದಲು ಮಾಡಬೇಕಾದುದು ಖಾಲಿ ಪರದೆಯ ಮೇಲೆ ಮೌಸ್‌ನ ಬಲಗುಂಡಿ ಒತ್ತುವುದು. ಓಪನ್‌ಬಾಕ್ಸ್‌ನ ಪಟ್ಟಿ ತೆರೆದುಕೊಂಡರೆ ವಿಂಡೋ ನಿರ್ವಾಹಕ ಕ್ಷೇಮವಾಗಿದೆ, ಯಂತ್ರವೂ ಕ್ಷೇಮವಾಗಿದೆ; ಕೆಟ್ಟಿರುವುದು ಅದರ ಮೇಲಿನ ಒಂದು ಭಾಗ ಅಥವಾ ಆ ಆರಂಭದ ಪಟ್ಟಿ ಎಂದು ತಿಳಿಯಬಹುದು. ಎರಡನೆಯದು, ಅದೇ ಯಂತ್ರದಲ್ಲಿ ‘ಪರೀಕ್ಷೆ’ ಎಂಬ ಹೆಸರಿನ ಬೇರೊಂದು ಬಳಕೆದಾರ ಖಾತೆಯನ್ನು ಮೊದಲೇ ಮಾಡಿಟ್ಟಿರುವುದು. ಆ ಖಾತೆಯಿಂದ ಪ್ರವೇಶಿಸಿದಾಗ ಎಲ್ಲವೂ ಸರಿಯಾಗಿದ್ದರೆ ದೋಷವು ಮೊದಲ ಖಾತೆಯ ವೈಯಕ್ತಿಕ ಹೊಂದಾಣಿಕೆಗಳಲ್ಲಿದೆ, ಯಂತ್ರದಲ್ಲಿ ಅಲ್ಲ. ಈ ಪರೀಕ್ಷೆಗೆ ತಂತ್ರಜ್ಞರು ಬೇಕಿಲ್ಲ. ಗ್ರಂಥಾಲಯ ಮೇಲ್ವಿಚಾರಕರೇ ಎರಡು ನಿಮಿಷಗಳಲ್ಲಿ ಮಾಡಬಲ್ಲರು. ಯಂತ್ರ ಹೋಯಿತೆಂದು ಯಾರಾದರೂ ಹೇಳಿದಾಗ ‘ಬೇರೆ ಖಾತೆಯಲ್ಲಿ ನೋಡಿದಿರಾ?’ ಎಂದು ಸದಸ್ಯರು ಸಭೆಯಲ್ಲಿ ಕೇಳಬಹುದು.

ಗುಪ್ತಪದ ಸರಿಯಿದ್ದರೂ ಪ್ರವೇಶ ಪರದೆಗೇ ಮರಳಿ ಬರುವುದು ಇನ್ನೊಂದು ಸಾಮಾನ್ಯ ದೂರು. ಡಿಸ್ಕ್ ಪೂರ್ತಿ ತುಂಬಿದ್ದಾಗ ಹೀಗಾಗುತ್ತದೆ. ಕಂಟ್ರೋಲ್, ಆಲ್ಟ್, ಎಫ್2 ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಅಕ್ಷರಗಳ ಪರದೆ ತೆರೆಯುತ್ತದೆ. ಅಲ್ಲಿಂದ ಪ್ರವೇಶಿಸಿ ಎಷ್ಟು ಸ್ಥಳ ಉಳಿದಿದೆ ಎಂದು ನೋಡಬಹುದು. ಸ್ಕ್ಯಾನ್ ಮಾಡಿದ ಪ್ರತಿಗಳು, ವೀಡಿಯೊಗಳು, ಕಸದಬುಟ್ಟಿಯಲ್ಲೇ ಉಳಿದ ಕಡತಗಳು ಇದರ ಮೂಲ. ಕಸದಬುಟ್ಟಿಗೆ ಹಾಕಿದ ಮಾತ್ರಕ್ಕೆ ಸ್ಥಳ ಖಾಲಿಯಾಗುವುದಿಲ್ಲ. ಸ್ಥಳ ಸಾಕಷ್ಟಿದ್ದೂ ಹೀಗಾಗುತ್ತಿದ್ದರೆ, ಯಾರೋ ಆಡಳಿತಗಾರರ ಅಧಿಕಾರದಲ್ಲಿ ಡೆಸ್ಕ್‌ಟಾಪ್ ತೆರೆದಿದ್ದರಿಂದ ಬಳಕೆದಾರರ ಕಡತವೊಂದರ ಒಡೆತನ ಬದಲಾಗಿರುವ ಸಂಭವವಿದೆ. ಇದು ಬಲ್ಲವರು ಸರಿಪಡಿಸಬೇಕಾದುದು. ಅವರಿಗೆ ನೆರವಾಗುವಂತೆ ಬಳಕೆದಾರರ ಕಡತಕೋಶದಲ್ಲಿ ಚುಕ್ಕಿಯಿಂದ ಆರಂಭವಾಗುವ ‘ಎಕ್ಸ್‌ಸೆಷನ್-ಎರರ್ಸ್’ ಎಂಬ ಅಡಗಿದ ಕಡತವೊಂದಿದೆ. ಯಾವ ಭಾಗ ಏಕೆ ಏಳಲಿಲ್ಲವೆಂಬುದನ್ನು ಯಂತ್ರವೇ ಬಹುತೇಕ ಅದರಲ್ಲಿ ಬರೆದಿಡುತ್ತದೆ. ಅದನ್ನು ತೆರೆದು ನೋಡದೆ ಇಡೀ ವ್ಯವಸ್ಥೆಯನ್ನು ಮರುಅಳವಡಿಸುವ ಅಭ್ಯಾಸವನ್ನು ಒಪ್ಪಲಾಗದು.

ಸುರಕ್ಷಿತ ಜಾಲತಾಣಗಳು ತೆರೆಯದೆ ಎಚ್ಚರಿಕೆ ತೋರಿಸುತ್ತಿದ್ದರೆ ಮೊದಲು ದಿನಾಂಕ ನೋಡಿರಿ. ಹಳೆಯ ಯಂತ್ರಗಳ ಒಳಗಿನ ನಾಣ್ಯದಾಕಾರದ ಸಿಆರ್2032 ಬ್ಯಾಟರಿ ಸತ್ತಿದ್ದರೆ, ವಿದ್ಯುತ್ ಹೋಗಿಬಂದಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗುತ್ತದೆ. ಅಂತರಜಾಲ ದೊರೆತ ಮೇಲೆ ಗಡಿಯಾರ ತಾನೇ ಸರಿಹೊಂದುವ ಏರ್ಪಾಡು ಡೆಬಿಯನ್‌ನಲ್ಲಿದ್ದರೂ ಬ್ಯಾಟರಿ ಬದಲಿಸುವುದೇ ಸರಿಯಾದ ಪರಿಹಾರ.

ಸಾರ್ವಜನಿಕರು ಬಳಸುವ ಯಂತ್ರವಾದುದರಿಂದ ಒಂದು ವಿಷಯಕ್ಕೆ ವಿಶೇಷ ಗಮನ ಬೇಕು. ಅರ್ಜಿ ಸಲ್ಲಿಸಿ ಎದ್ದುಹೋದವರ ಆಧಾರ್ ಪ್ರತಿ, ಬ್ಯಾಂಕ್ ಪುಸ್ತಕದ ಪುಟ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಡೌನ್‌ಲೋಡ್ ಕಡತಕೋಶದಲ್ಲಿಯೇ ಉಳಿದಿರುತ್ತವೆ. ಮುಂದೆ ಕುಳಿತವರು ಯಾರಾದರೂ ಅವನ್ನು ನೋಡಬಹುದು. ಬಿಡಿಭಾಗಗಳಿಂದ ಕಟ್ಟಿದ ವ್ಯವಸ್ಥೆಯಲ್ಲಿ ಇದಕ್ಕೆ ಸುಲಭ ಉಪಾಯವಿದೆ. ಮೇಲೆ ಹೇಳಿದ ಆಟೋಸ್ಟಾರ್ಟ್ ಕಡತದಲ್ಲಿಯೇ, ಪ್ರತಿ ಬಾರಿ ಪ್ರವೇಶಿಸುವಾಗ ಆ ಕಡತಕೋಶವನ್ನು ಬರಿದು ಮಾಡುವ ಸಾಲೊಂದನ್ನು ಸೇರಿಸಬಹುದು. ಫೈರ್‌ಫಾಕ್ಸ್ ಮುಚ್ಚಿದಾಗ ಪ್ರವೇಶದ ಗುರುತುಗಳು ಅಳಿಯುವಂತೆಯೂ ಹೊಂದಿಸಬಹುದು. ‘ಇಲ್ಲಿ ಉಳಿಸಿದ ಕಡತಗಳು ಅಳಿಸಿಹೋಗುತ್ತವೆ, ಪೆನ್‌ಡ್ರೈವ್‌ಗೆ ತೆಗೆದುಕೊಳ್ಳಿ’ ಎಂಬ ಸೂಚನೆಯನ್ನು ಮಾತ್ರ ಗೋಡೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಹಾಕಲೇಬೇಕು. ಇಲ್ಲವಾದರೆ ಯಾರದೋ ಒಂದು ದಿನದ ಶ್ರಮ ಮಣ್ಣುಪಾಲಾದೀತು.

ಎಲ್ಲ ಯಂತ್ರಗಳಿಗೂ ಈ ದಾರಿ ಹೊಂದುವುದಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ಡಿಜಿಟಲ್ ಸಹಿಯ ಟೋಕನ್, ಬೆರಳಚ್ಚು ಯಂತ್ರ, ಕೆಲವು ಹಳೆಯ ಲೇಸರ್ ಪ್ರಿಂಟರ್‌ಗಳು ತಯಾರಕರ ಪ್ರತ್ಯೇಕ ಚಾಲಕ ತಂತ್ರಾಂಶವನ್ನು ಬೇಡುತ್ತವೆ. ಅದು ಲಿನಕ್ಸ್‌ಗೆ ದೊರೆಯದೆಯೂ ಇರಬಹುದು. ಆದುದರಿಂದ ಪಾವತಿ ಮತ್ತು ಇ-ಸ್ವತ್ತು ಕೆಲಸಗಳು ನಡೆಯುವ ಯಂತ್ರವನ್ನು ಮುಟ್ಟದೆ, ಅರಿವು ಕೇಂದ್ರದ ಒಂದೇ ಯಂತ್ರದಿಂದ ಆರಂಭಿಸುವುದು ಸೂಕ್ತ. ಪೆನ್‌ಡ್ರೈವ್‌ನಿಂದಲೇ ನಡೆಯುವ ಡೆಬಿಯನ್‌ನ ಲೈವ್ ಪ್ರತಿಯನ್ನು ಬಳಸಿ, ಡಿಸ್ಕ್‌ನಲ್ಲಿರುವುದನ್ನು ಅಳಿಸದೆಯೇ ವೈ-ಫೈ, ಧ್ವನಿ, ಪ್ರಿಂಟರ್ ಕೆಲಸ ಮಾಡುತ್ತವೆಯೇ ಎಂದು ಮೊದಲು ನೋಡಬಹುದು. ಪರೀಕ್ಷೆಯಲ್ಲಿ ನಪಾಸಾದ ಯಂತ್ರವನ್ನು ಇ-ತ್ಯಾಜ್ಯ (ನಿರ್ವಹಣಾ) ನಿಯಮಗಳು, 2022ರಂತೆ ವಿಲೇವಾರಿ ಮಾಡಲು ಅಭ್ಯಂತರವಿಲ್ಲ.

ಕೊನೆಯದಾಗಿ, ದಾಖಲೆ. ಜೋಡಿಸಿದ ತಂತ್ರಜ್ಞರು ಊರು ಬಿಟ್ಟ ಮೇಲೆ ಗುಪ್ತಪದವೂ ಅವರೊಂದಿಗೇ ಹೋದ ಪ್ರಸಂಗಗಳಿವೆ. ಬಿಲ್ಲು ಪಾವತಿಸುವ ಮುನ್ನ ಒಂದು ಪುಟದ ವಿವರಣೆಯನ್ನು ಕನ್ನಡದಲ್ಲಿ ಬರೆಸಿಕೊಳ್ಳತಕ್ಕದ್ದು. ಡೆಬಿಯನ್‌ನ ಯಾವ ಆವೃತ್ತಿ, ಯಾವ ಯಾವ ಭಾಗಗಳು, ಹೊಂದಾಣಿಕೆಯ ಕಡತಗಳು ಎಲ್ಲಿವೆ, ಯಾವುದನ್ನು ಯಾವ ದಿನ ಏಕೆ ಬದಲಿಸಲಾಯಿತು ಎಂಬುದು ಅದರಲ್ಲಿರಬೇಕು. ಹೊಂದಾಣಿಕೆ ಕಡತಗಳ ಪ್ರತಿಯನ್ನು ಒಂದು ಪೆನ್‌ಡ್ರೈವ್‌ನಲ್ಲಿ ತೆಗೆದಿರಿಸಬೇಕು. ಆಡಳಿತಗಾರರ ಗುಪ್ತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳ ವಶದಲ್ಲಿಡಬೇಕು; ದಿನನಿತ್ಯದ ಬಳಕೆಯ ಖಾತೆಗೆ ಆ ಅಧಿಕಾರ ಇರಕೂಡದು. ವಿವರಣೆಯ ಒಂದು ಪ್ರತಿಯನ್ನು ದಾಸ್ತಾನು ವಹಿಗೆ ಅಂಟಿಸಿ, ಇನ್ನೊಂದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಯಂತ್ರದ ಪಕ್ಕದಲ್ಲಿಯೇ ತೂಗುಹಾಕಿರಿ.