ಅಂದ ಹಿಡಿಯಲ್ಲಿರಲಿ, ಅಲಗು ಸಾದಾ ಇರಲಿ

ಕುರುಗೋಡಿನ ದೊಡ್ಡಬಸವೇಶ್ವರನ ಜಾತ್ರೆಗೆ ಮೊಮ್ಮಕ್ಕಳನ್ನು ಕರೆದುಕೊಂಡು ಹೋದವರಿಗೆ ನಾನು ಹೇಳುವುದು ತಕ್ಷಣ ಅರ್ಥವಾಗುತ್ತದೆ. ಆ ದೊಡ್ಡ ಬಸವಣ್ಣನಿಗೆ ಕೈಮುಗಿದು ಹೊರಗೆ ಬಂದರೆ ಸಾಕು, ಮಕ್ಕಳ ಕಾಲು ತಾನಾಗಿ ಅಂಗಡಿಸಾಲಿನ ಕಡೆ ತಿರುಗುತ್ತದೆ. ಏಳನೇ ತರಗತಿಯ ನನ್ನ ಮೊಮ್ಮಗ ಈ ಸಲ ಬತ್ತಾಸು, ಪೀಪಿ, ಬಲೂನು ಎಲ್ಲವನ್ನೂ ದಾಟಿ ಚಾಕುಗಳನ್ನು ಹರಡಿಕೊಂಡು ಕೂತವನ ಮುಂದೆ ನಿಂತುಬಿಟ್ಟ.

“ತಾತ, ಇದು ಕೊಡಿಸು. ನಮ್ಮ ಕ್ಲಾಸಲ್ಲಿ ಯಾರ ಹತ್ರಾನೂ ಇಂಥದ್ದಿಲ್ಲ!”

ಅದು ಮಡಚುವ ಚಾಕು. ಹಿಡಿಯ ಮೇಲೆ ಬಾಯಿ ತೆರೆದ ಹಾವು. ಅಲಗಿಗೆ ಕಪ್ಪು ಬಣ್ಣ, ಬೆನ್ನಿಗೆ ಗರಗಸದ ಹಲ್ಲು, ನಡುವೆ ಮೂರು ತೂತು.

“ಇದರಿಂದ ಏನು ಮಾಡ್ತೀಯಪ್ಪ?” ಎಂದೆ.

“ಅಜ್ಜಿಗೆ ಅಂಜೂರ ಹೆಚ್ಚಿಕೊಡ್ತೀನಿ” ಎಂದ.

ನನಗೆ ನಗು ಬಂತು. ಆದರೆ ಗದರಲಿಲ್ಲ. ಗದರುವ ಹಕ್ಕೂ ನನಗಿರಲಿಲ್ಲ. ಅವನಿಗೆ ಹನ್ನೆರಡು ವರ್ಷ. ನಾನು ಇದೇ ತಪ್ಪು ಮಾಡಿದಾಗ ನನಗೆ ಇಪ್ಪತ್ಮೂರು!

ಮೀನು ಕಚ್ಚಿದ ಕಥೆ

ಬ್ಯಾಂಕಿನ ಗುಮಾಸ್ತನಾಗಿ ಸಿರುಗುಪ್ಪಕ್ಕೆ ಬಂದ ಹೊಸತು. ಮೊದಲ ಸಂಬಳದಲ್ಲಿ ಅಮ್ಮನಿಗೆ ಸೀರೆ, ನನಗೊಂದು ಚಾಕು ಕೊಂಡೆ. ಹಿತ್ತಾಳೆಯ ಮೀನಿನ ಆಕಾರದ ಹಿಡಿ, ಬಾಯಿಂದ ಅಲಗು ಹೊರಬರುತ್ತಿತ್ತು. ಪೆನ್ಸಿಲ್ ಕೆತ್ತುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಅದನ್ನು ಜೇಬಿನಿಂದ ತೆಗೆಯುತ್ತಿದ್ದೆ. ಮೀನಿನ ಬಾಲ ಅಂಗೈಗೆ ಚುಚ್ಚುತ್ತಿತ್ತು, ಸ್ಪ್ರಿಂಗ್ ಸಡಿಲವಾಗಿತ್ತು. ಅಂದದ ಮುಂದೆ ಅವೆರಡೂ ಕಣ್ಣಿಗೆ ಬೀಳಲಿಲ್ಲ.

ಒಂದು ಮಧ್ಯಾಹ್ನ ಹಳೆಯ ಲೆಡ್ಜರುಗಳ ಕಟ್ಟಿನ ಹುರಿ ಕೊಯ್ಯುತ್ತಿದ್ದೆ. ಹುರಿ ಗಟ್ಟಿಯಿತ್ತು, ಒತ್ತಿದೆ. ಅಲಗು ಹಿಂದಕ್ಕೆ ಮಡಚಿಕೊಂಡು ಬಲಗೈ ತೋರುಬೆರಳಿನ ಮೇಲೆ ಬಿತ್ತು. ಮೂರು ಹೊಲಿಗೆ. ನೋಟು ಎಣಿಸುವ ಬೆರಳೂ ಅದೇ, ಪೆನ್ನು ಹಿಡಿಯುವ ಬೆರಳೂ ಅದೇ. ಹದಿನೈದು ದಿನ ನನಗೆ ಸಿಕ್ಕಿದ್ದು ಹಿತ್ತಾಳೆ ಟೋಕನ್ ಕೊಡುವ ಕೆಲಸ.

ನಮ್ಮ ಹೆಡ್ ಕ್ಯಾಷಿಯರ್ ಹಳೇ ಕಾಲದವರು. ನನ್ನ ಪಟ್ಟಿ ಕಟ್ಟಿದ ಬೆರಳು ನೋಡಿ, “ಚಿನ್ನದ ಸೂಜಿ ಅಂತ ಕಣ್ಣಿಗೆ ಚುಚ್ಕೋತಾರೇನಪ್ಪ?” ಎಂದರು. ಮುಂದಿನ ಭಾನುವಾರ ತಾವೇ ಅಂಗಡಿಗೆ ಕರೆದುಕೊಂಡು ಹೋಗಿ ಇನ್ನೊಂದು ಚಾಕು ಆರಿಸಿಕೊಟ್ಟರು. ಸಾದಾ ಅಲಗು, ಕೆಂಪು ಹಿಡಿ. “ಇದು ಮಕ್ಕಳ ಬಣ್ಣ ಸಾರ್” ಎಂದೆ. “ಇರಲಿ ಇಟ್ಕೋ, ಗೊತ್ತಾಗುತ್ತೆ” ಎಂದರು.

ಗೊತ್ತಾಗಿದ್ದು ಮಳೆಗಾಲದಲ್ಲಿ. ತುಂಗಭದ್ರೆಯ ನೀರುಂಡ ಸಿರುಗುಪ್ಪದ ಭತ್ತದ ಗದ್ದೆಗಳನ್ನು ನೋಡಿದವರಿಗೆ ಆ ಕೆಸರು ಎಂಥದೆಂದು ಗೊತ್ತು. ಸ್ನೇಹಿತರೊಬ್ಬರ ಗದ್ದೆಯ ಬದುವಿನಲ್ಲಿ ನಡೆಯುವಾಗ ಚಾಕು ಜೇಬಿನಿಂದ ಜಾರಿತ್ತು. ಅರ್ಧ ಗಂಟೆಯ ಮೇಲೆ ಹುಡುಕುತ್ತ ಬಂದರೆ, ಹಸಿರು ಹುಲ್ಲಿನ ನಡುವೆ ಮೆಣಸಿನಹಣ್ಣಿನ ಹಾಗೆ ಕೆಂಪಗೆ ಕಾಣುತ್ತಿತ್ತು. ಕಂದು ಹಿಡಿಯಾಗಿದ್ದರೆ ಕೆಸರಿನಲ್ಲಿ ಕೆಸರಾಗಿ ಹೋಗುತ್ತಿತ್ತು.

ಅಂದು ಕಲಿತದ್ದು ಇಷ್ಟೇ: ಚಾಕು ಬೇರೆಯವರದಕ್ಕಿಂತ ಬೇರೆಯಾಗಿ ಕಾಣಬೇಕೆಂಬ ಆಸೆ ತಪ್ಪಲ್ಲ. ಆದರೆ ಆ ಬೇರೆತನ ಹಿಡಿಯ ಬಣ್ಣದಲ್ಲಿ, ಮರದಲ್ಲಿ, ಕೆತ್ತನೆಯಲ್ಲಿ ಇರಲಿ. ಅಲಗು ಮಾತ್ರ ಸಾದಾ ಇರಲಿ.

ಅಂಗಡಿಯಲ್ಲಿ ಏನು ನೋಡಬೇಕು?

ಜಾತ್ರೆಯಿಂದ ಬರಿಗೈಯಲ್ಲಿ ಬಂದ ಮೊಮ್ಮಗನನ್ನು ಆ ವಾರವೇ ಬಳ್ಳಾರಿಯ ಬೆಂಗಳೂರು ರಸ್ತೆಯ ಕಡೆ ಕರೆದುಕೊಂಡು ಹೋದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪರೀಕ್ಷೆ ಮಾಡುವುದು ಹಿರಿಯರ ಕೆಲಸ, ನೋಡಿ ಕಲಿಯುವುದು ಮಕ್ಕಳ ಕೆಲಸ.

ಮೊದಲು ಮಡಚಿದ ಚಾಕುವನ್ನೇ ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿಯಿರಿ. ಎಲ್ಲಾದರೂ ಚುಚ್ಚಿದರೆ ಅಲ್ಲಿಗೇ ಬಿಡಿ. ನಾಲ್ಕು ಬೆರಳೂ ಹಿಡಿಯ ಮೇಲೆ ಕೂರಬೇಕು.

ಆಮೇಲೆ ತೆರೆದು ಅಲಗನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಸಡಿಲ ಹಲ್ಲಿನ ಹಾಗೆ ಆಡಬಾರದು. ಮಡಚಿದಾಗ ಅಲಗು ಹಿಡಿಯ ನಡುಮಧ್ಯೆ ಕೂರಬೇಕು, ಒಂದು ಪಕ್ಕಕ್ಕೆ ಉಜ್ಜಬಾರದು.

ಮೂರನೆಯದು, ನನ್ನ ಬೆರಳು ಕಲಿಸಿದ ಪಾಠ. ತೆರೆದ ಚಾಕುವಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ. ಅಲಗು ಮಡಚಿಕೊಳ್ಳುವ ದಾರಿಯಲ್ಲಿ ಬೆರಳು ಇರಬಾರದು. ಕೆಲವು ಚಾಕುಗಳಲ್ಲಿ ಸ್ಪ್ರಿಂಗಿನ ಬಿಗಿ ಮಾತ್ರ ಅಲಗನ್ನು ಹಿಡಿದಿರುತ್ತದೆ; ಜೋರಾಗಿ ಒತ್ತಿದರೆ ಅವು ಮಡಚುವುದೇ. ಕೆಲವಕ್ಕೆ ನಿಜವಾದ ಲಾಕ್ ಇರುತ್ತದೆ. ಹೊಸದಾಗಿ ಕಲಿಯುವವರಿಗೆ ಲಾಕ್ ಇರುವುದೇ ಒಳ್ಳೆಯದು.

ಅಲಗಿನ ಉದ್ದ ಎರಡೂವರೆಯಿಂದ ಮೂರು ಇಂಚು ಇದ್ದರೆ ಹಣ್ಣಿಗೂ ಹುರಿಗೂ ಪೆನ್ಸಿಲ್ಲಿಗೂ ಧಾರಾಳ. ಅಲಗಿನ ತೂತುಗಳಲ್ಲಿ ಹಣ್ಣಿನ ತಿರುಳು ಕೂತು ಕೊಳೆಯುತ್ತದೆ. ಗರಗಸದ ಹಲ್ಲನ್ನು ಮನೆಯ ಸಾಣೆಕಲ್ಲಿನಲ್ಲಿ ಮಸೆಯಲಾಗುವುದಿಲ್ಲ. ಬಣ್ಣ ಎದ್ದರೆ ಅದು ಹೋಗುವುದು ನಿಮ್ಮ ಹೊಟ್ಟೆಗೆ.

ಸ್ಟೇನ್‌ಲೆಸ್ ಉಕ್ಕು ಸುಲಭಕ್ಕೆ ತುಕ್ಕು ಹಿಡಿಯುವುದಿಲ್ಲ. ಕಾರ್ಬನ್ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ನಿಂಬೆ, ಮಾವಿನ ಹುಳಿ ತಗುಲಿದರೆ ಕಪ್ಪಾಗುತ್ತದೆ. ಒದ್ದೆ ಬಿಟ್ಟರೆ ತುಕ್ಕು. ಒರೆಸಿ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿದರೆ ವರ್ಷಗಟ್ಟಲೆ ಬಾಳುತ್ತದೆ.

ಹೊರದೇಶದ ಎರಡು ಚಾಕುಗಳು

ಲೋಕಪ್ರಸಿದ್ಧವಾದ ಎರಡು ಮಡಚುವ ಚಾಕುಗಳನ್ನು ನೋಡಿ. ಫ್ರಾನ್ಸಿನ ಸಾವೊಯ್ ಎಂಬ ಬೆಟ್ಟದ ಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ಮರದ ಹಿಡಿಯ ಚಾಕು ಮಾಡಿದ. 1955ರಲ್ಲಿ ಅದಕ್ಕೊಂದು ಲೋಹದ ಬಳೆ ಸೇರಿತು. ಬಳೆ ತಿರುಗಿಸಿದರೆ ತೆರೆದ ಅಲಗು ಮಡಚಿಕೊಳ್ಳುವುದಿಲ್ಲ. ಮಕ್ಕಳಿಗಾಗಿ ಮೊನೆ ದುಂಡಾಗಿರುವ ಚಾಕುವನ್ನೂ ಆ ಕಂಪನಿ ಮಾಡುತ್ತದೆ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ ಸೈನಿಕರಿಗೆ ಚಾಕು ಮಾಡಿಕೊಡುತ್ತಿದ್ದವನು. 1897ರಲ್ಲಿ ಅಧಿಕಾರಿಗಳಿಗೆಂದು ಹಗುರವಾದ ಇನ್ನೊಂದನ್ನು ರೂಪಿಸಿದ. ಕೆಂಪು ಹಿಡಿಯ ‘ಸ್ವಿಸ್ ಚಾಕು’ ಅದರ ವಂಶದ್ದೇ. ಒಂದರ ಗುರುತು ಮರದ ಹಿಡಿ, ಇನ್ನೊಂದರದ್ದು ಕೆಂಪು ಬಣ್ಣ. ಎರಡರ ಅಲಗೂ ಸಾದಾ!

ನಮ್ಮೂರಿನ ಹಳೇ ಸಾಣೆಕಲ್ಲು

ಇಷ್ಟು ದೂರ ಯಾಕೆ? ಬಳ್ಳಾರಿಯ ಪಕ್ಕದಲ್ಲೇ ಸಂಗನಕಲ್ಲು ಇದೆ. ಸುಮಾರು ನಾಲ್ಕು ಸಾವಿರ ವರ್ಷದ ಹಿಂದೆ ಅಲ್ಲಿನ ಗುಡ್ಡಗಳಲ್ಲಿ ನವಶಿಲಾಯುಗದ ಜನ ಗಟ್ಟಿಯಾದ ಕಪ್ಪು ಕಲ್ಲಿನಿಂದ ಕೊಡಲಿ ಮಾಡುತ್ತಿದ್ದರು. ಅವನ್ನು ಉಜ್ಜಿ ಉಜ್ಜಿ ಬಂಡೆಯ ಮೇಲೆ ಬಿದ್ದ ಗುಳಿಗಳು ಇಂದಿಗೂ ಇವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ ಆ ಕಾಲದ ಊರಿನ ಕುರುಹುಗಳು ಸಿಕ್ಕಿವೆ. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದೊಯ್ದು ಆ ಕೊಡಲಿಗಳನ್ನು ತೋರಿಸಿ. ಹಾವಿಲ್ಲ, ಮೀನಿಲ್ಲ. ಆದರೂ ಉಜ್ಜಿ ನಯವಾದ ಆ ಕಲ್ಲು ಎಷ್ಟು ಚೆಂದ! ನನ್ನ ಮೊಮ್ಮಗ ಗಾಜಿಗೆ ಮೂಗು ಒತ್ತಿ ನಿಂತಿದ್ದ.

ಕೊಂಡ ಮೇಲೆ

ಮಕ್ಕಳೇ, ಚಾಕು ಆಟದ ಸಾಮಾನಲ್ಲ. ಮನೆಯಲ್ಲಿ ದೊಡ್ಡವರು ಪಕ್ಕದಲ್ಲಿದ್ದಾಗ ಮಾತ್ರ ತೆಗೆಯಿರಿ. ಕೂತು ಹೆಚ್ಚಿ, ಅಂಚು ಮೈಯಿಂದ ಆಚೆಗಿರಲಿ. ಇನ್ನೊಬ್ಬರಿಗೆ ಕೊಡುವಾಗ ಮಡಚಿ ಕೊಡಿ. ಶಾಲೆಯ ಚೀಲ, ಜಾತ್ರೆ, ಬಸ್ಸು, ಇಲ್ಲೆಲ್ಲ ಬೇಡವೇ ಬೇಡ. ವಿಮಾನದಲ್ಲಿ ಕೈಚೀಲದಲ್ಲಿ ಒಯ್ಯಲು ಬಿಡುವುದಿಲ್ಲ.

ಹಿರಿಯರಿಗೊಂದು ಮಾತು. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗಾಗಿ ಮಾಡಿದವನ್ನು ಬಿಟ್ಟರೆ, 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕು ನಮ್ಮ ದೇಶದ ನಿಯಮಗಳಲ್ಲಿ ಆಯುಧವೆನಿಸುತ್ತದೆ. ಮೊಂಡು ಚಾಕು ಅಪಾಯವಲ್ಲ ಎಂದೂ ತಿಳಿಯಬೇಡಿ. ಮೊಂಡಾದರೆ ಜೋರಾಗಿ ಒತ್ತುತ್ತೇವೆ, ಒತ್ತಿದರೆ ಜಾರುತ್ತದೆ.

ಕೊನೆಗೆ ಮೊಮ್ಮಗ ಆರಿಸಿದ್ದು ಮರದ ಹಿಡಿಯ, ಲಾಕ್ ಇರುವ ಪುಟ್ಟ ಚಾಕು. ಮನೆಗೆ ಬಂದವನು ಅವರಮ್ಮನ ಉಗುರುಬಣ್ಣ ತಂದು ಹಿಡಿಯ ಸುತ್ತ ಎರಡು ಕೆಂಪು ಪಟ್ಟೆ ಎಳೆದ. “ಕಳೆದರೆ ಸಿಗಲಿ ಅಂತ ತಾತ” ಎಂದ. ಚಾಕು ಇರುವುದು ಅಜ್ಜಿಯ ಡಬ್ಬಿಯಲ್ಲಿ, ಕೇಳಿ ತೆಗೆಯಬೇಕು. ಮೊನ್ನೆ ನನ್ನ ಪಕ್ಕ ಕೂತು ಅಂಜೂರವನ್ನು ನಾಲ್ಕು ಹೋಳು ಮಾಡಿ, ಮೊದಲ ಹೋಳು ಅಜ್ಜಿಗೆ ಕೊಟ್ಟ. ನನ್ನ ತೋರುಬೆರಳಿನ ಗಾಯದ ಗೆರೆಯನ್ನೊಮ್ಮೆ ಮುಟ್ಟಿ ನೋಡಿ, ಅಲಗು ಒರೆಸಿ, ಬಳೆ ತಿರುಗಿಸಿ, ಜೋಪಾನವಾಗಿ ಮಡಚಿದ.

“ತಾತ, ನಿಜವಾಗ್ಲೂ ಇಂಥದ್ದು ಯಾರ ಹತ್ರಾನೂ ಇಲ್ಲ” ಎಂದ.