ಮನಸ್ಸಿನ ಗಾಯಕ್ಕೆ ಶೇಕಡಾ ಲೆಕ್ಕ

ಬ್ಯಾಂಕ್ ದರೋಡೆಕೋರ ಪಿಸ್ತೂಲು ಹಿಡಿದು ಬೆದರಿಸಿದ ಮೇಲೆ ಗುಮಾಸ್ತೆಯೊಬ್ಬರಿಗೆ ಮತ್ತೆ ಕೌಂಟರಿನಲ್ಲಿ ಕೂರಲು ಆಗುತ್ತಿಲ್ಲ ಎಂದಿಟ್ಟುಕೊಳ್ಳಿ. ‘ದರೋಡೆಯ ಆಘಾತ, ವಿಶ್ರಾಂತಿ ಬೇಕು’ ಎಂದು ಮನೋವೈದ್ಯರು ಬರೆದುಕೊಟ್ಟರೆ ಚಿಕಿತ್ಸೆಯ ಮಟ್ಟಿಗೆ ಅಷ್ಟು ಸಾಕು. ಕೆಲಸದಿಂದಾದ ಗಾಯವೆಂದು ಪರಿಹಾರ ಕೇಳುವಾಗ ಅಷ್ಟು ಸಾಲದು, ಸವಿವರ ವರದಿ ಬೇಕು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇಂಥ ವರದಿ ಬರೆಯುವುದನ್ನೇ ಮನೋವೈದ್ಯರಿಗೂ ಮನಶ್ಶಾಸ್ತ್ರಜ್ಞರಿಗೂ ಪ್ರತ್ಯೇಕವಾಗಿ ಕಲಿಸುತ್ತಾರೆ.

ಅಲ್ಲಿ ತಕರಾರಿನ ಪ್ರಕರಣಗಳಲ್ಲಿ ಕಾರ್ಮಿಕರನ್ನು ಪರೀಕ್ಷಿಸುವವರಿಗೆ ‘ಕ್ವಾಲಿಫೈಡ್ ಮೆಡಿಕಲ್ ಇವ್ಯಾಲ್ಯುಯೇಟರ್’, ಚುಟುಕಾಗಿ ಕ್ಯೂಎಂಇ ಎಂದು ಹೆಸರು. ಅದಕ್ಕೆ ಸರ್ಕಾರದ ಪರೀಕ್ಷೆ ಪಾಸಾಗಬೇಕು, ವರದಿ ಬರೆಯುವ ಕೋರ್ಸನ್ನೂ ಮುಗಿಸಿರಬೇಕು. ಮನೋವ್ಯಾಧಿಯ ಪ್ರಕರಣವಾದರೆ ಕನಿಷ್ಠ ಒಂದು ಗಂಟೆ ಎದುರಾಬದುರು ಕೂತು ಪರೀಕ್ಷಿಸಬೇಕೆಂಬ ನಿಯಮವೇ ಇದೆ. ವರದಿಗೆ ಸಾಮಾನ್ಯವಾಗಿ 30 ದಿನಗಳ ಗಡುವು.

ತರಬೇತಿಯಲ್ಲಿ ತಪ್ಪಿಸಿಕೊಳ್ಳಲಾಗದ ಪಾಠವೆಂದರೆ ಲೇಬರ್ ಕೋಡ್‌ನ 3208.3ನೇ ಸೆಕ್ಷನ್. 1989ರಲ್ಲಿ ಅದು ಬಂದಾಗ ಮನೋವ್ಯಾಧಿಯಲ್ಲಿ ಉದ್ಯೋಗದ ಪಾಲು ಶೇ 10 ಇದ್ದರೂ ನಡೆಯುತ್ತಿತ್ತು. 1993ರ ತಿದ್ದುಪಡಿಯ ನಂತರ ಆ ಪಾಲು ಶೇ 50 ದಾಟಲೇಬೇಕು. ಹಿಂಸಾಕೃತ್ಯಕ್ಕೆ ಗುರಿಯಾದವರಿಗೆ ಮಾತ್ರ ಶೇ 35ರಿಂದ 40ರಷ್ಟಿದ್ದರೂ ಸಾಕು.

ಸಂಕಟವನ್ನು ಶೇಕಡಾದಲ್ಲಿ ಹೇಳುವುದು ಹೇಗೆ?

ಚಿಕಿತ್ಸಕರು ಎಡವುವುದು ಇಲ್ಲೇ. ರೋಗಿ ಹೇಳಿದ್ದನ್ನು ನಂಬಿ ಮುಂದುವರಿಯುವುದು ಅವರಿಗೆ ರೂಢಿ. ವರದಿ ಕೇಳುವುದು ಆಧಾರವನ್ನು. ಆ ಗುಮಾಸ್ತೆಗೆ ಮೊದಲೇ ವಿಚ್ಛೇದನವೂ ಆಗಿತ್ತೆನ್ನಿ. ‘ದರೋಡೆ ಶೇ 70, ವಿಚ್ಛೇದನ ಶೇ 30’ ಎಂದಷ್ಟೇ ಬರೆದ ಕರಡು ನ್ಯಾಯಾಧೀಶರ ಮುಂದೆ ನಿಲ್ಲುವುದಿಲ್ಲ. ವಿಚ್ಛೇದನದ ನಂತರವೂ ಆಕೆ ರಜೆ ಹಾಕದೆ ದುಡಿದ ಹಾಜರಿ ದಾಖಲೆ, ದರೋಡೆಯ ಮರುವಾರ ಶುರುವಾದ ನಿದ್ದೆ ಮಾತ್ರೆಯ ಚೀಟಿ, ಕನಸಿನಲ್ಲಿ ಮತ್ತೆ ಮತ್ತೆ ಬರುವ ಪಿಸ್ತೂಲು, ಇವನ್ನೆಲ್ಲ ಜೋಡಿಸಿ 70 ಏಕೆ, 30 ಹೇಗೆ ಎಂದು ತೋರಿಸಬೇಕು. ಅಸಾಮರ್ಥ್ಯವನ್ನು ಪಾಲು ಹಾಕುವಾಗ ಈ ‘ಹೇಗೆ, ಏಕೆ’ಗೆ ಉತ್ತರವಿರಲೇಬೇಕೆಂದು ರಾಜ್ಯದ ಕಾರ್ಮಿಕ ಪರಿಹಾರ ಮೇಲ್ಮನವಿ ಮಂಡಳಿ 2005ರಲ್ಲಿ ಮಂಡಿನೋವಿನ ಪ್ರಕರಣವೊಂದರಲ್ಲಿ ಹೇಳಿತು. ಅಲ್ಲದೆ, ಕಾಯಿಲೆ ಬಂದದ್ದಕ್ಕೆ ಕಾರಣ ಒಂದು ಲೆಕ್ಕ. ಗುಣವಾಗದೆ ಉಳಿದ ಅಸಾಮರ್ಥ್ಯಕ್ಕೆ ಕಾರಣ ಇನ್ನೊಂದು ಲೆಕ್ಕ. ಎರಡನ್ನೂ ಕಲಸಿಬಿಟ್ಟರೆ ವರದಿಗೆ ಬೆಲೆಯಿಲ್ಲ.

ಏನನ್ನು ಬರೆಯಬಾರದು ಎಂಬುದೂ ಪಾಠವೇ. ಮ್ಯಾನೇಜರ್ ಕೊಟ್ಟ ನೋಟಿಸಿನಿಂದ ಖಿನ್ನತೆ ಬಂತು ಎನ್ನುವ ನೌಕರನ ವಿಷಯದಲ್ಲಿ, ಆ ನೋಟಿಸಿನ ಪಾಲೆಷ್ಟು ಎಂದು ವೈದ್ಯರು ಹೇಳಬಹುದು. ಅದು ಸದುದ್ದೇಶದ ಶಿಸ್ತುಕ್ರಮವೋ ಕಿರುಕುಳವೋ ಎಂದು ತೀರ್ಮಾನಿಸುವುದು ನ್ಯಾಯಾಧೀಶರ ಕೆಲಸ. ಪಿಟ್ನಿ ಬೋಸ್ ಕಂಪನಿಯ ಪ್ರಕರಣದಲ್ಲಿ ಮಂಡಳಿ 2001ರಲ್ಲೇ ಇದನ್ನು ಬಿಡಿಸಿ ಹೇಳಿದೆ.

ಇಷ್ಟಾದ ಮೇಲೆ ಅಂಕ ಹಾಕುವ ಸರದಿ. ‘ಗ್ಯಾಫ್’ ಎಂಬ, ನೂರರವರೆಗಿನ ಮಾಪಕದಲ್ಲಿ ವ್ಯಕ್ತಿಯ ದೈನಂದಿನ ನಿರ್ವಹಣೆಯನ್ನು ಅಳೆಯುತ್ತಾರೆ. 70 ಬಂದರೆ ಊನ ಸೊನ್ನೆ, 60 ಬಂದರೆ ಶೇ 15, 50 ಬಂದರೆ ಶೇ 30. ತಮಾಷೆಯೆಂದರೆ, ಅಮೆರಿಕದ ಮನೋವೈದ್ಯರ ಸಂಘವೇ 2013ರ ಡಿಎಸ್‌ಎಂ-5 ಕೈಪಿಡಿಯಲ್ಲಿ ಈ ಮಾಪಕವನ್ನು ಕೈಬಿಟ್ಟಿದೆ. ಅಸಾಮರ್ಥ್ಯ ಅಳೆಯುವ ಕ್ಯಾಲಿಫೋರ್ನಿಯಾದ 2005ರ ಅನುಸೂಚಿಯಲ್ಲಿ ಮಾತ್ರ ಅದು ಹಾಗೇ ಇದೆ. ಹಾಗಾಗಿ ಹೊಸ ಕೈಪಿಡಿ ಓದಿ ಬಂದವರೂ ಹಳೆಯ ಮಾಪಕವನ್ನು ವರದಿಗೋಸ್ಕರ ಅಭ್ಯಾಸ ಮಾಡುತ್ತಾರೆ. ವಕೀಲರ ಪಾಟೀಸವಾಲಿನಲ್ಲಿ ‘58 ಯಾಕೆ, 62 ಯಾಕಲ್ಲ?’ ಎಂದು ಕೇಳಿದರೆ, ಉತ್ತರ ಅವರ ವರದಿಯಲ್ಲೇ ಇರಬೇಕು.