ಬಿದ್ದದ್ದು ಚುಕ್ಕಿಯಲ್ಲ, ಕೊಳ್ಳಿ



ಬೇಸಿಗೆಯ ರಾತ್ರಿ ಅಂಗಳದಲ್ಲಿ ಮಲಗಿದವರು "ಅಗೋ, ಚುಕ್ಕಿ ಬಿತ್ತು" ಎನ್ನುವುದುಂಟು. ಚುಕ್ಕಿ ಬೀಳುವುದಿಲ್ಲ. ಬರಿಗಣ್ಣಿಗೆ ಕಾಣುವ ನಕ್ಷತ್ರಗಳೆಲ್ಲ ನಮ್ಮ ಭೂಮಿಗಿಂತ ಎಷ್ಟೋ ಪಾಲು ದೊಡ್ಡವು. ಅವುಗಳಲ್ಲಿ ಒಂದು ಹತ್ತಿರ ಬಂದರೂ ಸಾಕು, ನೋಡಲು ನಾವಿರುವುದಿಲ್ಲ.

ಈ ವಿಷಯದಲ್ಲಿ ನೆರೆಯ ಮಲಯಾಳದ ಮಾತು ಬಲು ಸೊಗಸು. ಅವರು 'ಕೊಳ್ಳಿಮೀನ್' ಅನ್ನುತ್ತಾರೆ. ಅಲ್ಲಿ ಮೀನ್ ಅಂದರೆ ಚುಕ್ಕಿ ಎಂಬ ಅರ್ಥವೂ ಇದೆ. ಕೊಳ್ಳಿ ನಮ್ಮ ಒಲೆಯ ಕೊಳ್ಳಿಯೇ. ಸಂಸ್ಕೃತದ 'ಉಲ್ಕೆ'ಗೂ ಉರಿಯುವ ಕೊಳ್ಳಿ ಎಂದೇ ಅರ್ಥ. ತಮಿಳಿನಲ್ಲಿ ಅದು 'ಎರಿನಕ್ಷತ್ರಂ', ಉರಿಯುವ ನಕ್ಷತ್ರ. ತೆಲುಗಿನ 'ತೋಕಚುಕ್ಕ' ಮಾತ್ರ ಬೇರೆ. ಅದು ಧೂಮಕೇತು, ಅಂದರೆ ಬಾಲವುಳ್ಳ ಚುಕ್ಕಿ. ಧೂಮಕೇತು ವಾರಗಟ್ಟಲೆ ಕಾಣಿಸೀತು. ಉಲ್ಕೆ ಕಣ್ಣು ಮಿಟುಕಿಸುವುದರೊಳಗೆ ಮಾಯ.

ಹಾಗಾದರೆ ಉರಿಯುವುದೇನು? ಹೆಚ್ಚಿನವು ಮರಳಿನ ಕಾಳಿನಷ್ಟು ಚಿಕ್ಕ ಚೂರುಗಳು. ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ನಮ್ಮ ಗಾಳಿಯೊಳಗೆ ನುಗ್ಗುತ್ತವೆ. ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗದೆ, ಚೂರಿನ ಮುಂದೆ ಒತ್ತಿಕೊಂಡು ಕಾಯುತ್ತದೆ. ಸೈಕಲ್ ಪಂಪು ಹೊಡೆಯುವಾಗ ಅದರ ತುದಿ ಬಿಸಿಯಾಗುತ್ತದಲ್ಲ, ಹಾಗೆಯೇ. ಪ್ರಮಾಣ ಮಾತ್ರ ಸಾವಿರಾರು ಡಿಗ್ರಿ. ನೆಲದಿಂದ ಸುಮಾರು ನೂರು ಕಿಲೋಮೀಟರ್ ಮೇಲೆಯೇ ಚೂರು ಆವಿಯಾಗುತ್ತದೆ. ನಾವು ಕಂಡದ್ದು ಆ ಬೆಳಕು.

ಚೂರು ದೊಡ್ಡದಾಗಿದ್ದರೆ ಉಳಿದ ಭಾಗ ನೆಲ ಮುಟ್ಟುತ್ತದೆ. ಅದು ಉಲ್ಕಾಶಿಲೆ, ತಮಿಳರ 'ವಿಣ್‌ಕಲ್', ಬಾನಿನ ಕಲ್ಲು. ಮರಾಠಿಯಲ್ಲಿ ಅದಕ್ಕೆ 'ಅಶನಿ' ಎನ್ನುತ್ತಾರೆ. ಸಂಸ್ಕೃತದಲ್ಲಿ ಅಶನಿಯೆಂದರೆ ಸಿಡಿಲು. ನಮ್ಮ ಹಿರಿಯರೂ ಹೊಲದಲ್ಲಿ ಸಿಕ್ಕ ನುಣುಪಾದ ಕಲ್ಲನ್ನು ಸಿಡಿಲಿನ ಕಲ್ಲೆಂದು ಗುಡಿಯಲ್ಲಿಟ್ಟದ್ದುಂಟು. ಬಳ್ಳಾರಿ, ಆದವಾನಿ ಸೀಮೆಯಲ್ಲಿ ಸಿಗುವ ಅಂಥ ಕಲ್ಲುಗಳು ಬಹುಪಾಲು ನವಶಿಲಾಯುಗದ ಜನ ಉಜ್ಜಿ ಮಾಡಿದ ಕೊಡಲಿಗಳು. ಬಾನಿಂದ ಬಿದ್ದದ್ದಲ್ಲವಾದರೂ ಬೆಲೆಯುಳ್ಳ ವಸ್ತುವೇ.

ಕಾಸರಗೋಡಿಗೆ ದೂರವಲ್ಲದ ಉಡುಪಿಯಲ್ಲಿ 1866ರಲ್ಲಿ ಉಲ್ಕಾಶಿಲೆ ಬಿದ್ದ ದಾಖಲೆ ಇದೆ. ಅದರ ಹಿಂದಿನ ವರ್ಷ ಬಿಹಾರದ ಶೇರ್ಘಾಟಿಯಲ್ಲಿ ಬಿದ್ದ ಕಲ್ಲು ಮಂಗಳ ಗ್ರಹದಿಂದ ಸಿಡಿದು ಬಂದದ್ದೆಂದು ವಿಜ್ಞಾನಿಗಳು ಆಮೇಲೆ ಕಂಡುಕೊಂಡರು. ಮಹಾರಾಷ್ಟ್ರದ ಲೋಣಾರ್ ಸರೋವರವಂತೂ ಇಂಥ ಹೊಡೆತದಿಂದ ಕಪ್ಪು ಬಂಡೆಯಲ್ಲಿ ಆದ ಗುಂಡಿ. ಅಗಲ ಸುಮಾರು 1.8 ಕಿಲೋಮೀಟರ್.

ಇನ್ನು ಎಚ್ಚರಿಕೆಯ ಮಾತು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರದ ಹಲವು ಕಡೆ ಜನ ಬೆಂಕಿಯ ಸಾಲು ಕಂಡರು. ಚಂದ್ರಪುರ ಜಿಲ್ಲೆಯ ಲಾಡಬೋರಿ ಎಂಬ ಹಳ್ಳಿಯಲ್ಲಿ ಸಿಕ್ಕಿದ್ದು ಕಲ್ಲಲ್ಲ, ದೊಡ್ಡ ಲೋಹದ ಬಳೆ. ಅದು ಚೀನಾದ ರಾಕೆಟ್ಟಿನ ಭಾಗವೆಂದು ತಜ್ಞರ ಅಂದಾಜು. ಅಂಥ ಅವಶೇಷ ನಿಧಾನವಾಗಿ, ಹಲವು ತುಂಡಾಗಿ, ಬಹಳ ಹೊತ್ತು ತೇಲುತ್ತ ಹೋದಂತೆ ಕಾಣುತ್ತದೆ. ಅದರ ಜೊತೆ ವಿಷದ ಇಂಧನವೂ ಉಳಿದಿರಬಹುದು. ಮುಟ್ಟದೆ ಪೊಲೀಸರಿಗೆ ಹೇಳಿ.

ಉಲ್ಕಾಶಿಲೆಯ ಹೆಸರಲ್ಲಿ ಮೋಸವೂ ನಡೆಯುತ್ತದೆ. ಯಾರಾದರೂ ಲಕ್ಷಾಂತರದ ಬೆಲೆ ಹೇಳಿ ಮುಂಗಡ ಕೇಳಿದರೆ ಕೊಡಬೇಡಿ. ತೂತು ತೂತಾದ ಭಾರದ ತುಂಡು ಸಾಮಾನ್ಯವಾಗಿ ಹಳೆಯ ಕಬ್ಬಿಣದ ಕುಲುಮೆಯ ಕಿಟ್ಟ. ನಿಜವಾದ ಉಲ್ಕಾಶಿಲೆಗೆ ತೆಳುವಾದ ಕಪ್ಪು ಸಿಪ್ಪೆ ಇರುತ್ತದೆ. ಸಾಮಾನ್ಯ ಕಲ್ಲಿಗಿಂತ ತೂಕ ಹೆಚ್ಚು, ಬಹಳಷ್ಟು ಸಲ ಅಯಸ್ಕಾಂತ ಹಿಡಿಯುತ್ತದೆ. ಹಾಗೆನಿಸಿದರೆ ತೊಳೆಯದೆ, ಒಡೆಯದೆ, ಶುಚಿಯಾದ ಚೀಲದಲ್ಲಿಟ್ಟು ತಹಶೀಲ್ದಾರರ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಗೆ ತಿಳಿಸಿ. ದೇಶದ ಉಲ್ಕಾಶಿಲೆಗಳ ಸಂಗ್ರಹ ಅವರಲ್ಲಿದೆ.

ಬರಿದೇ ನೋಡುವ ಆಸೆಯಿದ್ದವರಿಗೆ ಡಿಸೆಂಬರ್ 13, 14ರ ರಾತ್ರಿಗಳು ಒಳ್ಳೆಯವು. ಆಗಸ್ಟಿನ ಉಲ್ಕಾವೃಷ್ಟಿಯನ್ನು ನಮಗೆ ಮಳೆಮೋಡ ಮುಚ್ಚುವುದೇ ಹೆಚ್ಚು. ದೀಪ ಆರಿಸಿ, ಕಂಬಳಿ ಹೊದ್ದು, ಕಣ್ಣು ಕತ್ತಲಿಗೆ ಹೊಂದಲು ಅರ್ಧ ಗಂಟೆ ಕೊಡಿ.